ನಲವತ್ತು ತಿರುವುಗಳಾಚೆಯ ಪಂದ್ಯ

ಆಳಿಯಾರಿನಿಂದ ವಾಲ್ಪಾರೈಗೆ ಏರುವ ಆನೈಮಲೈ ರಸ್ತೆಗೆ ನಲವತ್ತು ತಿರುವುಗಳು. ಮೊನ್ನೆ ಅವನ್ನು ಏರುವಾಗ, ಚಹಾ ತೋಟದ ನಮ್ಮ ಹಳೆಯ ಮನೆಯೂ 1986ರ ಜೂನ್ ತಿಂಗಳೂ ನೆನಪಾದವು. ಮೆಕ್ಸಿಕೋದ ನಡುಹಗಲು ನಮಗೆ ರಾತ್ರಿ ಹನ್ನೊಂದೂವರೆ. 22ರಂದು ಅರ್ಜೆಂಟೀನ–ಇಂಗ್ಲೆಂಡ್ ಪಂದ್ಯ ಮುಗಿಯುವಷ್ಟರಲ್ಲಿ, ಪೊಳ್ಳಾಚಿಯಿಂದ ಬಸ್ಸೇರಿ ಬರುವ ಪತ್ರಿಕೆ ಅಚ್ಚಾಗಿಬಿಟ್ಟಿತ್ತು. ಬೆಳಗಿನ ರೇಡಿಯೋ ವಾರ್ತೆಯಿಂದ ತಿಳಿದದ್ದು 2–1 ಎಂಬಷ್ಟೇ. ಆಟದ ಬಗೆಯನ್ನರಿಯಲು ಇನ್ನೊಂದು ದಿನ ಕಾಯಬೇಕಾಯಿತು.

ಮರುದಿನದ ತಮಿಳು ಪತ್ರಿಕೆಯ ವರದಿಯನ್ನು, ಆ ಲಿಪಿ ಬಾರದ ತಂದೆಯವರಿಗೆ ಕನ್ನಡದಲ್ಲಿ ಹೇಳಿದೆ. ಮರಡೋನಾ ಅರ್ಧ ಮೈದಾನ ಓಡಿ ಹೊಡೆದ ಎರಡನೆಯ ಗೋಲನ್ನು ಅವರು ಒಡನೆಯೇ ನಂಬಿದರು. ಕೈ ತಾಗಿದ ಮೊದಲನೆಯದನ್ನು ನಂಬಲಿಲ್ಲ. ನನ್ನ ಅನುವಾದವೇ ತಪ್ಪೆಂದು ಮೂರು ಬಾರಿ ಓದಿಸಿದರು.