ಯುವಜನರು ಓದಲೇಬೇಕಾದ ಎರಡು ಪುಸ್ತಕಗಳು



ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಮಲಯಾಳಂ, ಕಾಲೇಜಿನಲ್ಲಿ ಇಂಗ್ಲಿಷ್. ಇವುಗಳ ನಡುವೆ ನಮ್ಮ ಕೈಯಿಂದ ಕನ್ನಡ ಪುಸ್ತಕ ಜಾರುತ್ತಿದೆ. ಅದಕ್ಕೇ ನಮಗಿಷ್ಟವಾದ ಎರಡನ್ನು ಹೇಳುತ್ತೇವೆ.

ಒಂದು, 'ಗೊಲ್ಗೊಥಾ'. ಯೇಸುಸ್ವಾಮಿಯ ಕೊನೆಯ ದಿನವನ್ನು ಕಾವ್ಯವಾಗಿಸಿದವರು ನಮ್ಮ ಮಂಜೇಶ್ವರದ ಗೋವಿಂದ ಪೈಗಳು. ಭಾಷೆ ಕಷ್ಟವೇ, ತಪಸ್ಸುಕಾಲದಲ್ಲಿ ನಾಲ್ಕು ಜನ ಕೂಡಿ ಗಟ್ಟಿಯಾಗಿ ಓದಿದರೆ ದಾರಿ ಸಿಗುತ್ತದೆ.

ಇನ್ನೊಂದು, 1933ರಲ್ಲಿ ಬಂದ ಶಿವರಾಮ ಕಾರಂತರ 'ಚೋಮನ ದುಡಿ'. ತುಂಡು ಭೂಮಿಯ ಆಸೆಗೆ ಚೋಮ ಮತಾಂತರಕ್ಕೆ ಹೊರಡುತ್ತಾನೆ. ತನ್ನ ದೈವವನ್ನು ಬಿಡಲಾಗದೆ ಹಿಂದಿರುಗುತ್ತಾನೆ. ಅವನ ಮಗಳು ಬೆಳ್ಳಿಯ ಬಾಳಿಗೆ ಮುಳ್ಳಾಗುವ ಮನ್ವೇಲ ನಮ್ಮವನೇ. ಓದಿದರೆ ನೋವಾಗುತ್ತದೆ. ಆದರೆ ನೆರೆಯವರ ಕಣ್ಣಿಗೆ ನಾವು ಹೇಗೆ ಕಂಡೆವೆಂದು ತಿಳಿಯದೆ ಸಾಕ್ಷಿಯಾಗಿ ಬದುಕುವುದು ಹೇಗೆ?

ಊರಿನ ಗ್ರಂಥಾಲಯದಲ್ಲಿ ವಿಚಾರಿಸಿ. ಈ ರಜೆಯಲ್ಲಿ ಒಂದನ್ನಾದರೂ ಓದಿ ಮುಗಿಸೋಣ.