ಅಣ್ಣನ ಹೆಬ್ಬೆರಳಿಗೊಂದು ಆ್ಯಪು

ಮೈಕ್‌ಸೆಟ್‌ನವರು ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಪೆಂಡಾಲಿನ ಒಂದು ಮೂಲೆ, ಅಲ್ಲೊಂದು ಮೇಜು, ಮೇಜಿನ ಮೇಲೆ ನೂರಾರು ತಿರುಪುಗಳಿರುವ ದೊಡ್ಡ ಮಿಕ್ಸರ್, ಅದರ ಹಿಂದೊಂದು ಕುರ್ಚಿ. ಆ ಕುರ್ಚಿಯಲ್ಲಿ ಕೂತವರಿಗೆ ಬೈಗುಳ ಮಾತ್ರ ಸಿಗುತ್ತೆ, ಹೊಗಳಿಕೆ ಇಲ್ಲ. ಸೌಂಡ್ ಚೆನ್ನಾಗಿದ್ದರೆ ಗಾಯಕಿ ಚೆನ್ನಾಗಿ ಹಾಡಿದರು. ಕುಯ್ಯೋ ಅಂದರೆ ಮೈಕ್‌ನವನು ಸರಿಯಿಲ್ಲ.

ಈಗ ಆ ಮೇಜು, ಕುರ್ಚಿ ಎರಡೂ ಮಾಯವಾಗುತ್ತಿವೆ. ನಮ್ಮೂರ ಸಂಗೀತ ಸಭೆಗೆ ಮೂವತ್ತು ವರ್ಷದಿಂದ ಸೌಂಡ್ ಮಾಡುತ್ತಿರುವ ಅಣ್ಣ (ಊರಿಗೆಲ್ಲ ಅವರು ಅಣ್ಣನೇ) ಈ ಸಲ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಎಕ್ಸ್32 ರ‍್ಯಾಕ್ ಮಿಕ್ಸರ್ ತಂದರು. ಐದೂಕಾಲು ಅಂಗುಲ ಎತ್ತರದ ಪೆಟ್ಟಿಗೆ, 16 ಮೈಕುಗಳನ್ನು ನೇರವಾಗಿ ಚುಚ್ಚಬಹುದು. ವೇದಿಕೆಯ ಪಕ್ಕದಲ್ಲೇ ಇಟ್ಟರಾಯಿತು, ಸಭಾಂಗಣದ ಉದ್ದಕ್ಕೂ ದಪ್ಪ ಕೇಬಲ್ ಎಳೆಯೋ ಗೋಜಿಲ್ಲ. ಆದರೆ ಮುಂಭಾಗದಲ್ಲಿ ಇರೋದು ಒಂದು ಚಿಕ್ಕ ಪರದೆ, ಕೆಲವು ಗುಂಡಿ, ತಿರುಪು ಅಷ್ಟೇ. ಸಾಲಾಗಿ ಮೇಲೆ ಕೆಳಗೆ ಸರಿಸುವ ಫೇಡರುಗಳೇ ಇಲ್ಲ. ಫೇಡರ್ ಬೇಕು ಅಂದ್ರೆ ಟ್ಯಾಬ್ಲೆಟ್ಟಿನಲ್ಲೋ ಲ್ಯಾಪ್‌ಟಾಪಿನಲ್ಲೋ ಆ್ಯಪ್ ತೆರೆಯಬೇಕು.

ಅಣ್ಣ ಇದಕ್ಕೆ ಕೈ ಹಾಕಿದ್ದು ಶೋಕಿಗಲ್ಲ. ಕಮಿಟಿಯ ಕೆಲವರಿಗೆ ಬೆಂಗಳೂರಿನಿಂದ ‘ಡಿಜಿಟಲ್ ಸೌಂಡ್’ ತರಿಸುವ ಆಸೆ ಹುಟ್ಟಿತ್ತು. ಟ್ಯಾಬ್ಲೆಟ್ಟೆಲ್ಲಾ ಅವರ ಕೈಲಾಗುತ್ತಾ, ಅಂತ ಅವರ ಎದುರಿಗೇ ಕೇಳಿದ್ದರು. ರಾಮನವಮಿ ಕಚೇರಿಗಳಿಗೆ ಇನ್ನು ಮೂರೇ ವಾರ. “ನೀನು ಕಂಪ್ಯೂಟರ್‌ನವನಲ್ವೇನಪ್ಪಾ, ಯಾವ ಆ್ಯಪ್ ಒಳ್ಳೇದು ನೋಡಿ ಹೇಳು” ಅಂತ ಅಣ್ಣ ಕೆಲಸ ನನಗೆ ಒಪ್ಪಿಸಿದರು.

ಅವರ ಮೊದಲ ಭಯ ಒಂದೇ. ವೈಫೈ ಹೋದರೆ ಹಾಡೂ ನಿಂತುಹೋಗುತ್ತಾ? ಇಲ್ಲ. ಟ್ಯಾಬ್ಲೆಟ್ಟಿನ ಮೂಲಕ ಧ್ವನಿ ಹಾದುಹೋಗುವುದೇ ಇಲ್ಲ. ಮಿಕ್ಸಿಂಗ್ ಎಲ್ಲಾ ಪೆಟ್ಟಿಗೆಯೊಳಗೇ ನಡೆಯುತ್ತೆ. ಟ್ಯಾಬ್ಲೆಟ್ ಕಳಿಸೋದು ಬರೀ ಆಜ್ಞೆ: ಮೂರನೇ ಮೈಕು ಇಷ್ಟಕ್ಕೆ ಏರಿಸು, ಏಳನೆಯದು ಮ್ಯೂಟ್ ಮಾಡು. ಈ ಆಜ್ಞೆಗಳ ಭಾಷೆ ಓಪನ್ ಸೌಂಡ್ ಕಂಟ್ರೋಲ್, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1997ರ ಹೊತ್ತಿಗೆ ಹುಟ್ಟಿದ್ದು. ಅದು ಈ ಮಿಕ್ಸರಿಗೆ ಹೋಗೋದು ಯುಡಿಪಿ ಅನ್ನೋ ದಾರಿಯಲ್ಲಿ. ಯುಡಿಪಿ ಅಂದ್ರೆ ಸಾದಾ ಅಂಚೆ ಕಾರ್ಡ್ ಇದ್ದಂತೆ: ಡಬ್ಬಕ್ಕೆ ಹಾಕಿದ್ದಷ್ಟೇ ನಮ್ಮ ಕೆಲಸ, ತಲುಪಿತು ಅಂತ ಯಾರೂ ರಸೀದಿ ಕೊಡಲ್ಲ. ಅತ್ತ ಮಿಕ್ಸರ್ ಕೂಡ ತನ್ನ ಬದಲಾವಣೆಗಳನ್ನು ಸುಮ್ಮನೆ ಹೇಳುತ್ತಾ ಹೋಗಲ್ಲ. ಹತ್ತು ಸೆಕೆಂಡಿನೊಳಗೆ ಆ್ಯಪು ಮತ್ತೆ ಮತ್ತೆ “ಇನ್ನೂ ಇದ್ದೀನಿ, ಹೇಳು” ಅಂತ ಕೇಳಿಕೊಳ್ಳದಿದ್ದರೆ ಅದು ಮೌನಿಯಾಗುತ್ತೆ.

ಇದು ಗೊತ್ತಾದ ಮೇಲೆ ನನ್ನ ಪರೀಕ್ಷೆ ಏನಿರಬೇಕು ಅನ್ನೋದು ತಾನೇ ಸ್ಪಷ್ಟವಾಯಿತು. ಆ್ಯಪಿನಲ್ಲಿ ಎಷ್ಟು ಸೌಲಭ್ಯ ಇದೆ ಅನ್ನೋದಕ್ಕಿಂತ ಅದರ ಪರದೆ ನಿಜ ಹೇಳುತ್ತಾ ಅನ್ನೋದು ಮುಖ್ಯ. ಹಾಡು ಹಾಕಿಟ್ಟು ರೂಟರ್ ಆಫ್ ಮಾಡಿದೆವು. ಹಾಡು ನಿಲ್ಲಲಿಲ್ಲ, ಅಣ್ಣನ ಮುಖ ಅರಳಿತು. ಆಮೇಲೆ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ ಅಲ್ಲಿಂದ ಒಂದು ಫೇಡರ್ ಇಳಿಸಿ, ರೂಟರ್ ಮತ್ತೆ ಹಾಕಿದೆವು. ಟ್ಯಾಬ್ಲೆಟ್ ಆ ಬದಲಾವಣೆಯನ್ನು ತಾನೇ ಓದಿಕೊಳ್ಳಬೇಕು. ಒಂದು ಆ್ಯಪು (ಹೆಸರು ಬೇಡ) ಹಳೇ ಸ್ಥಾನವನ್ನೇ ತೋರಿಸುತ್ತಾ ಕೂತಿತು. ನೋಡೋಕೆ ಬಹಳ ಚೆಂದದ್ದು, ಆದರೆ ಅಲ್ಲಿಗೆ ಅದರ ಕತೆ ಮುಗೀತು.

ಎರಡನೆಯದು ಹೆಬ್ಬೆರಳಿನ ಪರೀಕ್ಷೆ. ಅಣ್ಣ ಇಷ್ಟು ವರ್ಷ ಫೇಡರನ್ನು ನೋಡದೆ ಮುಟ್ಟಿದವರು. ಕಣ್ಣು ಗಾಯಕಿಯ ಮೇಲೆ, ಬೆರಳು ಫೇಡರಿನ ಮೇಲೆ. ಗಾಜಿನ ಪರದೆಯಲ್ಲಿ ಬೆರಳಿಗೆ ಏನೂ ತಾಕಲ್ಲ. ಹಾಗಾಗಿ ಮೈಕು ಕುಯ್ಯೋ ಅಂದಾಗ ಅದನ್ನು ಮ್ಯೂಟ್ ಮಾಡೋಕೆ ಎಷ್ಟು ಸಲ ಒತ್ತಬೇಕು ಅಂತ ಎಣಿಸಿದೆವು. ಪುಟ ಬದಲಿಸಿ, ಚಾನೆಲ್ ಆರಿಸಿ, ಆಮೇಲೆ ಮ್ಯೂಟ್ ಅಂದ್ರೆ ಮೂರು ಒತ್ತು. ಅಷ್ಟರಲ್ಲಿ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡಿರುತ್ತಾರೆ. ಒಂದೇ ಒತ್ತಿಗೆ ಆಗಬೇಕು.

ಮೂರನೆಯದು ಮಾನಿಟರ್ ಪುಟದ ಬಲೆ. ಈ ಆ್ಯಪುಗಳಲ್ಲಿ ಒಂದು ಗುಂಡಿ ಒತ್ತಿದರೆ ಅದೇ ಫೇಡರುಗಳು ಬೇರೆ ಕೆಲಸಕ್ಕೆ ತಿರುಗುತ್ತವೆ: ಸಭಿಕರಿಗೆ ಕೇಳೋದರ ಬದಲು ಮೃದಂಗದವರ ಪಕ್ಕದ ಮಾನಿಟರಿಗೆ ಎಷ್ಟು ಹೋಗಬೇಕು ಅನ್ನೋದು. ನೋಡೋಕೆ ಎರಡೂ ಒಂದೇ ಥರ. ಸಭಿಕರಿಗೆ ಪಿಟೀಲು ಏರಿಸುತ್ತಿದ್ದೀನಿ ಅಂದುಕೊಂಡು ವಿದ್ವಾಂಸರ ಕಿವಿಗೆ ಸುರಿಯುವ ಅಪಾಯ ಇದೆ.

ಕೊನೆಗೆ ಉಳಿದದ್ದು ಎರಡು. ಕಂಪನಿಯದೇ ಎಕ್ಸ್32-ಎಡಿಟ್‌ನಲ್ಲಿ ಮಿಕ್ಸರಿನೊಳಗಿನ ಎಲ್ಲವೂ ಸಿಗುತ್ತೆ. ಮಿಕ್ಸರ್ ಇಲ್ಲದೆಯೂ ಮನೆಯಲ್ಲೇ ತಯಾರಿ ಮಾಡಿಟ್ಟುಕೊಳ್ಳಬಹುದು. ಆದರೆ ಅದು ಮೌಸಿನ ಲೋಕ, ಕೂತು ಮಾಡುವ ಕೆಲಸ. ಅದನ್ನು ಲ್ಯಾಪ್‌ಟಾಪಿಗೆ ಹಾಕಿ, ಕೇಬಲ್ಲಿನಲ್ಲಿ ರ‍್ಯಾಕಿನ ಪಕ್ಕದಲ್ಲೇ ಇಟ್ಟೆವು. ಟ್ಯಾಬ್ಲೆಟ್ಟಿಗೆ ಹೊರಗಿನವರು ಬರೆದ ಮಿಕ್ಸಿಂಗ್ ಸ್ಟೇಷನ್. ಅದರಲ್ಲಿ ಪರದೆಯ ವಿನ್ಯಾಸ ನಾವೇ ಮಾಡಿಕೊಳ್ಳಬಹುದು. ನಮಗೆ ಬೇಕಿದ್ದದ್ದು ಏಳೇ: ಗಾಯಕಿ, ಪಿಟೀಲು, ಮೃದಂಗದ ಬಲ, ಎಡ, ಘಟ, ತಂಬೂರಿ, ನಿರೂಪಕರು. ಏಳು ದಪ್ಪ ಫೇಡರ್, ಕೆಳಗೆ ಏಳು ದಪ್ಪ ಮ್ಯೂಟ್, ಒಂದೇ ಪುಟ. ಇಂಗ್ಲಿಷ್ ಓದೋದಕ್ಕೆ ಅಣ್ಣ ಕೊಂಚ ತಡವರಿಸುತ್ತಾರೆ, ಅದಕ್ಕೆ ಬಣ್ಣ ಕೊಟ್ಟೆವು. ಮಾನಿಟರಿಗೆ ಬೇರೆಯದೇ ಪುಟ. ಮೊದಲ ಪುಟದಲ್ಲಿ ಅದರ ಗುಂಡಿಯೇ ಇಲ್ಲ.

ಕಲಾವಿದರು ತಮ್ಮ ಮಾನಿಟರನ್ನು ತಾವೇ ಫೋನಿನಲ್ಲಿ ಸರಿಮಾಡಿಕೊಳ್ಳಲು ಎಕ್ಸ್32-ಕ್ಯೂ ಅಂತ ಒಂದು ಇದೆ. ಉತ್ಸಾಹದಿಂದ ಮೃದಂಗದವರಿಗೆ ತೋರಿಸಿದೆ. “ನಾನು ಮೃದಂಗ ನುಡಿಸ್ಲೋ, ಫೋನ್ ಒತ್ತಲೋ?” ಅಂದರು. ಅಣ್ಣ ಟ್ಯಾಬ್ಲೆಟ್ ಹಿಡಿದು ಅವರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, “ಇಷ್ಟು ಸಾಕಾ ಸ್ವಾಮಿ?” ಅಂತ ಕೇಳುತ್ತಾ ಸರಿಮಾಡಿದರು. ಮುಂಚೆ ಇದೆಲ್ಲಾ ದೂರದಿಂದ ಕೈಸನ್ನೆಯಲ್ಲಿ ನಡೆಯುತ್ತಿತ್ತು.

ಖಾಲಿ ಸಭಾಂಗಣದಲ್ಲಿ ವೈಫೈ ಯಾವಾಗಲೂ ಚೆನ್ನಾಗಿರುತ್ತೆ, ಅದನ್ನು ನಂಬಬಾರದು. ಜನ ಬಂದರೆ ಅವರ ಫೋನುಗಳೂ ಬರುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರೋದು ಮೂರೇ: 1, 6, 11. ಜೊತೆಗೆ ಮನುಷ್ಯರ ಮೈಯಲ್ಲಿರುವ ನೀರು ಅಲೆಗಳನ್ನು ಹೀರಿಕೊಳ್ಳುತ್ತೆ. ಹಾಗಾಗಿ 5 ಗಿಗಾಹರ್ಟ್ಸ್ ಇರುವ ರೂಟರ್ ತಂದು, ತಲೆಗಳಿಗಿಂತ ಮೇಲೆ ಇರುವಂತೆ ಸ್ಪೀಕರ್ ಸ್ಟ್ಯಾಂಡಿಗೆ ಕಟ್ಟಿದೆವು.

ಆದರೂ ಎರಡನೇ ದಿನ, ತನಿ ಆವರ್ತನದ ನಡುವೆ, ಸಂಪರ್ಕ ಹೋಯಿತು. ಹೋಗಿದೆ ಅಂತ ಪರದೆ ಹೇಳಿತು. ಅಣ್ಣ ಓಡಲಿಲ್ಲ. ನಡೆದು ಹೋಗಿ ಲ್ಯಾಪ್‌ಟಾಪ್ ಮುಂದೆ ನಿಂತರು. ಟ್ಯಾಬ್ಲೆಟ್ ಅಷ್ಟರಲ್ಲಿ ತಾನೇ ಸೇರಿಕೊಂಡಿತು. ಸಭಿಕರಿಗೆ ಏನೂ ಗೊತ್ತಾಗಲಿಲ್ಲ, ಕಮಿಟಿಯವರಿಗೂ.

ಅದೇ ರಾತ್ರಿ ಅವರು ಚಪ್ಪಲಿ ಬಿಡುವ ಜಾಗದ ಹತ್ತಿರ, ಕೊನೇ ಸಾಲಿನ ಚಾಪೆಗಳ ಪಕ್ಕ ನಿಂತಿದ್ದರು. “ಪಿಟೀಲು ಇಲ್ಲಿಗೆ ಬರ್ತಾನೇ ಇಲ್ವಲ್ಲೋ” ಅಂದು ಸ್ವಲ್ಪ ಏರಿಸಿದರು. ಗೋಡೆಗೆ ಒರಗಿದ್ದ ಒಬ್ಬ ಅಜ್ಜಿ ತಲೆಯೆತ್ತಿ ವೇದಿಕೆ ಕಡೆ ನೋಡಿದರು. ಅಷ್ಟು ವರ್ಷ ಆ ಸಾಲಿನವರು ಏನು ಕೇಳುತ್ತಿದ್ದರು ಅಂತ ಮೂಲೆಯ ಕುರ್ಚಿಯಿಂದ ತಿಳಿಯುವ ದಾರಿಯೇ ಇರಲಿಲ್ಲ.

ಮುಂದಿನ ವರ್ಷದ ಮಾತನ್ನು ಕಮಿಟಿ ಇನ್ನೂ ಆಡಿಲ್ಲ. ಅಣ್ಣ ಹಳೇ ಮಿಕ್ಸರನ್ನೂ ಮಾರಿಲ್ಲ. ಅದು ಬಟ್ಟೆ ಹೊದ್ದುಕೊಂಡು ವ್ಯಾನಿನಲ್ಲೇ ಇದೆ, ಎಲ್ಲಾ ಕಾರ್ಯಕ್ರಮಕ್ಕೂ ಬರುತ್ತೆ. ನೀವೂ ಇಂಥದ್ದೊಂದು ಕೊಳ್ಳುವವರಾದರೆ ಆ್ಯಪಿನ ಚೆಂದ ನೋಡೋ ಮೊದಲು ರೂಟರ್ ಆಫ್ ಮಾಡಿ ನೋಡಿ. ಆಮೇಲೆ ಅದನ್ನು ನಿಮ್ಮೂರ ಮೈಕ್‌ಸೆಟ್‌ನವರ ಕೈಗೆ ಕೊಟ್ಟು, ಸುಮ್ಮನೆ ಪಕ್ಕದಲ್ಲಿ ನಿಲ್ಲಿ.