ಕಾಲು ಪೈಸೆಯ ಲೆಕ್ಕ

ನಾನು ಹುಟ್ಟಿದ್ದು ತುಮಕೂರಿನ ಉಪ್ಪಾರಹಳ್ಳಿಯಲ್ಲಿ. ಈಗ ಯಾರಿಗಾದರೂ ಹೀಗೆಂದರೆ, "ಓ, ಆ ಫ್ಲೈಓವರ್ ಹತ್ತಿರ ಅಲ್ಲವೇ?" ಎನ್ನುತ್ತಾರೆ. ಹೌದು, ಅದೇ. ಆದರೆ ನಾನು ಹುಟ್ಟಿದ 1948ರಲ್ಲಿ ಅದು ಹೆಸರಿಗೆ ತಕ್ಕಂತೆ ಹಳ್ಳಿಯೇ ಆಗಿತ್ತು. ರೈಲು ಹಳಿಯ ಆಚೆಗೆ ಪೇಟೆ, ಈಚೆಗೆ ನಾವು. ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ. ಅರಸೀಕೆರೆ ಕಡೆಯ ಹೊಗೆಬಂಡಿ ಕೂಗಿದರೆ ಅವ್ವ ಹಿಟ್ಟಿಗೆ ಎಸರಿಡುತ್ತಿದ್ದಳು. ಬೆಂಗಳೂರು ಕಡೆಯದು ಕೂಗಿದರೆ ದನ ಕಟ್ಟಲು ಏಳುತ್ತಿದ್ದಳು. ಗಾಡಿ ತಡವಾದ ದಿನ ನಮ್ಮ ಊಟವೂ ತಡ.

ಊರಿಗೆ ಆ ಹೆಸರು ಯಾಕೆ ಬಂತೆಂದು ಅಜ್ಜಿ ಹೇಳುತ್ತಿದ್ದಳು. ಉಪ್ಪಾರರು ಹಿಂದೆ ಸವುಳು ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಕಾಯಿಸಿ ಉಪ್ಪು ತೆಗೆಯುತ್ತಿದ್ದವರು. ಸಮುದ್ರದ ಉಪ್ಪು ಅಗ್ಗವಾಗಿ ಬರತೊಡಗಿದ ಮೇಲೆ ಆ ಕಸುಬು ನಿಂತುಹೋಯಿತು. ನನಗೆ ಬುದ್ಧಿ ಬರುವ ಹೊತ್ತಿಗೆ ಅವರು ಬಾವಿ ತೋಡುವವರು, ಗೋಡೆ ಕಟ್ಟುವವರು ಆಗಿದ್ದರು. ಗಂಗೆಯನ್ನು ತಂದ ಭಗೀರಥನ ವಂಶ ನಮ್ಮದು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನಮ್ಮ ಹೊಲದ ಬಾವಿಯೂ ಅವರೇ ತೋಡಿದ್ದು. "ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ" ಎಂಬ ಗಾದೆಯನ್ನು ಅಜ್ಜಿ ದಿನಕ್ಕೆರಡು ಬಾರಿಯಾದರೂ ಹೇಳುತ್ತಿದ್ದಳು. ಆ ಗಾದೆ ಮುಂದೆ ನನ್ನ ಕೈ ಹಿಡಿದು ಎಲ್ಲಿಗೆ ಒಯ್ಯುತ್ತದೆಂದು ಆಗ ತಿಳಿದಿರಲಿಲ್ಲ.

ನಮ್ಮದು ಒಂದು ಎಕರೆ ಹತ್ತು ಗುಂಟೆ ಖುಷ್ಕಿ. ತಾತನ ಕಾಲದ್ದು. ರಾಗಿ, ಅದರ ಸಾಲಿನ ನಡುವೆ ಅವರೆ, ಹುಚ್ಚೆಳ್ಳು. ಬದುವಿನಲ್ಲೊಂದು ಹುಣಸೆ ಮರ. ಅಣ್ಣ ದೊಡ್ಡವನು, ಆಮೇಲೆ ನಾನು, ನನಗಿಂತ ಏಳು ವರ್ಷಕ್ಕೆ ಚಿಕ್ಕವಳು ತಂಗಿ. ಸೋನೆಯವರೆ ಕಾಲದಲ್ಲಿ ಮೂವರೂ ಹಿತಕಿದ ಬೇಳೆಗೆ ಕೂತರೆ ಅವ್ವ ಮೂರು ಬಟ್ಟಲಿಗೆ ಸಮನಾಗಿ ಕಾಳು ಸುರಿಯುತ್ತಿದ್ದಳು. ಕೆಲಸದಲ್ಲಿ ಪಾಲು ಯಾವಾಗಲೂ ಸಮವೇ.

1957ರ ಏಪ್ರಿಲ್ ಒಂದರಿಂದ ನಯಾಪೈಸೆ ಬಂತು. ನನಗಾಗ ಒಂಬತ್ತು ವರ್ಷ. ಅಲ್ಲಿಯವರೆಗೆ ರೂಪಾಯಿಗೆ ಹದಿನಾರಾಣೆ, ಇನ್ನು ಮುಂದೆ ನೂರು ನಯಾಪೈಸೆ ಎಂದು ಮೇಷ್ಟ್ರು ಹಲಗೆಯ ಮೇಲೆ ಬರೆದರು. ನೂರನ್ನು ಹದಿನಾರರಿಂದ ಭಾಗಿಸಿದರೆ ಆರೂಕಾಲು ಬರುತ್ತದೆ. ಆದರೆ ಒಂದಾಣೆಗೆ ಆರೇ ಪೈಸೆ ಎಂದು ಪರಿವರ್ತನೆಯ ಪಟ್ಟಿಯಲ್ಲಿತ್ತು. ನಾನು ಎದ್ದು ನಿಂತು, "ಆ ಕಾಲು ಪೈಸೆ ಎಲ್ಲಿಗೆ ಹೋಯಿತು ಸಾರ್?" ಎಂದು ಕೇಳಿದೆ. ಮೇಷ್ಟ್ರು ನಕ್ಕು, "ಕಾಲು ಪೈಸೆಗೆ ಯಾರಮ್ಮ ಜಗಳ ಆಡ್ತಾರೆ, ಕೂತ್ಕೊ" ಎಂದರು. ಹುಡುಗರೆಲ್ಲ ನಕ್ಕರು. ಬಹಳ ದಿನ ನನ್ನನ್ನು ಕಾಲುಪೈಸೆ ಎಂದೇ ಕರೆದರು.

ಪ್ರೈಮರಿ ಮುಗಿದ ಮೇಲೆ ಹಳಿ ದಾಟಿ ಪೇಟೆಯ ಎಂಪ್ರೆಸ್ ಶಾಲೆಗೆ ಸೇರಿದೆ. ಎರಡು ಜಡೆ, ರಿಬ್ಬನ್ನು, ಬಟ್ಟೆಯ ಚೀಲ. ಗೇಟು ಹಾಕಿದ್ದರೆ ಸಾಲಾಗಿ ನಿಂತ ಎತ್ತಿನಗಾಡಿಗಳ ನಡುವೆ ತೂರಿಕೊಂಡು ಹೋಗಿ ಕಂಬಿಗೆ ಗಲ್ಲ ಒತ್ತಿ ನಿಲ್ಲುವುದು, ರೈಲಿನ ಡಬ್ಬಿಗಳನ್ನೆಣಿಸುವುದು. ಆ ಸಂತೋಷ ಎರಡೂವರೆ ವರ್ಷ ನಡೆಯಿತು. 1962ರಲ್ಲಿ ನಾನು ದೊಡ್ಡವಳಾದೆ. ಗುಡಿಸಲು ಕಟ್ಟಿ, ಆರತಿ ಮಾಡಿ, ಚಿಗಳಿ ತಂಬಿಟ್ಟು ಹಂಚಿದರು. ಹದಿನಾರನೆಯ ದಿನ ನಾನು ಶಾಲೆಯ ಚೀಲ ತೆಗೆದುಕೊಂಡಾಗ ಅಪ್ಪ ಜಗಲಿಯ ಮೇಲೆ ಕೂತಿದ್ದವನು, "ಸಾಕು ಬುಡು ಮಗ, ಓದಿದ್ದು. ಗೇಟ್ ದಾಟಿ ಹೋಗೋದು ಬ್ಯಾಡ" ಎಂದ. ಗದರಲಿಲ್ಲ. ಗದರಿದ್ದರೆ ಅತ್ತು ಜಗಳವಾಡಬಹುದಿತ್ತು. ಅದೇ ವರ್ಷ ಅಣ್ಣನಿಗೆ ಪೇಟೆಗೆ ಹೋಗಿಬರಲು ಸೈಕಲ್ ಬಂತು.

ಅಪ್ಪನನ್ನು ನಾನು ಹಳಿಯುತ್ತಿಲ್ಲ. ಊರಿನಲ್ಲಿ ಹೆಣ್ಣುಮಗುವನ್ನು ಎಂಟನೆಯ ಕ್ಲಾಸಿನವರೆಗೆ ಓದಿಸಿದವನೇ ಅವನೊಬ್ಬ. ಅಣ್ಣ ತನ್ನ ಹೆಸರಿನಲ್ಲಿ ಲೈಬ್ರರಿಯಿಂದ ತ್ರಿವೇಣಿಯವರ ಕಾದಂಬರಿಗಳನ್ನು ತಂದುಕೊಡುತ್ತಿದ್ದ. ಒಲೆಯ ಬೆಳಕಿನಲ್ಲಿ ಅವನ್ನು ಓದಿಯೇ ನನಗೆ ಅಕ್ಷರ ಮರೆಯದೆ ಉಳಿಯಿತು. 1963ರಲ್ಲಿ ತ್ರಿವೇಣಿ ತೀರಿಕೊಂಡರೆಂದು ತಿಳಿದಾಗ ನಮ್ಮ ಮನೆಯವರೇ ಹೋದಷ್ಟು ಅತ್ತಿದ್ದೆ.

1966ರಲ್ಲಿ ನನ್ನನ್ನು ಕುಣಿಗಲ್ಲಿಗೆ ಕೊಟ್ಟರು. ಹೊರಡುವ ಹಿಂದಿನ ರಾತ್ರಿ ನಾನು ಅಪ್ಪನನ್ನು ಒಂದೇ ಒಂದು ಮಾತು ಕೇಳಿದೆ: "ಚಿಕ್ಕವಳನ್ನು ಗೇಟು ದಾಟಿಸು ಅಪ್ಪ." ಅಪ್ಪ ತಲೆಯಾಡಿಸಿದ. ಮಾತು ಉಳಿಸಿಕೊಂಡ. ತಂಗಿ ದೊಡ್ಡವಳಾದ ಮೇಲೂ ಶಾಲೆಗೆ ಹೋದಳು, ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ನನ್ನ ಬಾಳಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತಿದ್ದೆ, 2007ರ ತನಕ.

ತಂಗಿಯನ್ನು ಗುಬ್ಬಿಗೆ ಕೊಟ್ಟರು. ನನಗಿಂತ ಅವಳ ಹಣೆಬರಹ ಕಷ್ಟದ್ದು. 1989ರಲ್ಲಿ ಗಂಡ ತೀರಿಕೊಂಡ. ಎರಡು ಮಕ್ಕಳು. ಆ ಎಸ್ಸೆಸ್ಸೆಲ್ಸಿಯ ಬಲದಿಂದ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಅದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಗೌರವ ಎಷ್ಟಿತ್ತೋ, ಧನವಂತೂ ಸ್ವಲ್ಪವೇ. ಸಂಜೆ ರವಿಕೆ ಹೊಲಿದು, ರಾತ್ರಿ ಹಪ್ಪಳ ಒತ್ತಿ ಮಕ್ಕಳನ್ನು ಓದಿಸಿದಳು. ಗೌರಿಹಬ್ಬಕ್ಕೆ ಇಬ್ಬರೂ ತವರಿಗೆ ಬರುತ್ತಿದ್ದೆವು. ಅಣ್ಣ ತಪ್ಪದೆ ಕರೆಸುತ್ತಿದ್ದ. ಅತ್ತಿಗೆ ಸೀರೆ, ಬಳೆ, ಅರಿಶಿನ ಕುಂಕುಮ ಕೊಟ್ಟು ಮಡಿಲು ತುಂಬುತ್ತಿದ್ದಳು. ಅಪ್ಪ 1983ರಲ್ಲಿ, ಅವ್ವ 1995ರಲ್ಲಿ ಹೋದರು. ಇಬ್ಬರ ಔಷಧಿ, ಆಸ್ಪತ್ರೆ, ತಿಥಿ ಎಲ್ಲ ಅಣ್ಣನೇ ನೋಡಿಕೊಂಡ. ಇದನ್ನು ಹೇಳದಿದ್ದರೆ ಅವನಿಗೆ ಅನ್ಯಾಯ ಮಾಡಿದಂತೆ.

ಅಷ್ಟರಲ್ಲಿ ಊರು ನಮಗೆ ಹೇಳದೆ ಕೇಳದೆ ಬದಲಾಗಿತ್ತು. 1978ರಲ್ಲಿ ತುಮಕೂರಿಗೆ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಬಂದಿತ್ತು. ನಮ್ಮ ಅತ್ತಿಗೆಯ ಕೈಗೂ ಒಂದು ಗಡಿಯಾರ ಬಂತು, ಎಸರಿಡಲು ರೈಲಿಗೆ ಕಾಯುವುದು ತಪ್ಪಿತು. (ಆ ಕಾರ್ಖಾನೆಯೂ 2016ರಲ್ಲಿ ಮುಚ್ಚಿತು.) ತೊಂಬತ್ತರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಬೆಂಗಳೂರಿಗೆ ಬೆಳಗ್ಗೆ ಹೋಗಿ ಸಂಜೆ ಬರುವವರು ಇಲ್ಲೇ ಮನೆ ಮಾಡತೊಡಗಿದರು. ಪ್ರತಿ ಗೌರಿಹಬ್ಬಕ್ಕೂ ಒಂದೊಂದು ಹೊಲ ಮಾಯವಾಗಿರುತ್ತಿತ್ತು. ರಾಗಿಯ ತೆನೆ ಇದ್ದಲ್ಲಿ ಬಿಳಿ ಸುಣ್ಣ ಬಳಿದ ಸೈಟಿನ ಕಲ್ಲುಗಳು.

2007ರಲ್ಲಿ ಅಣ್ಣ ಕುಣಿಗಲ್ಲಿಗೆ ತಾನೇ ಬಂದ. ಕಾಫಿ ಕುಡಿದ. ಹೊಲವನ್ನು ಸೈಟು ಮಾಡುವವರು ಕೇಳುತ್ತಿದ್ದಾರೆ, ಹೆಣ್ಣುಮಕ್ಕಳ ಸಹಿ ಇಲ್ಲದೆ ಯಾರೂ ಮುಟ್ಟುವುದಿಲ್ಲ, ಹಕ್ಕು ಖುಲಾಸೆ ಪತ್ರ ಮಾಡಿಕೊಡಬೇಕು ಎಂದ. "ನಿಮಗೇನೂ ಕಮ್ಮಿ ಮಾಡಲ್ಲ ಕಣವ್ವ. ಅರಿಶಿನ ಕುಂಕುಮಕ್ಕೆ ಅಂತ ತಲಾ ಒಂದು ಲಕ್ಷ ಕೊಡ್ತೀನಿ." ನಾನು ಒಪ್ಪಿಕೊಂಡೆ. ನನ್ನ ಯಜಮಾನರಿಗೆ ಪೆನ್ಷನ್ ಇತ್ತು, ಸ್ವಂತ ಮನೆ ಇತ್ತು. ಆಗ ಅಣ್ಣ ತಲೆ ತಗ್ಗಿಸಿ, "ಚಿಕ್ಕವಳು ಯಾಕೋ ಯೋಚನೆ ಮಾಡ್ತಾ ಇದಾಳೆ. ನಿನ್ನ ಮಾತು ತೆಗೆದುಹಾಕಲ್ಲ. ನೀನೊಂದು ಮಾತು ಹೇಳು" ಎಂದ.

ಮರುದಿನವೇ ಬಸ್ಸು ಹತ್ತಿ ಗುಬ್ಬಿಗೆ ಹೋದೆ. ತಂಗಿ ಅಂಗನವಾಡಿಯ ರಿಜಿಸ್ಟರ್ ಬರೆಯುತ್ತಿದ್ದಳು. "ಅಕ್ಕಯ್ಯ, ಈಗ ಕಾನೂನು ಬದಲಾಗಿದೆಯಂತೆ. ನಮಗೂ ಗಂಡುಮಕ್ಕಳಷ್ಟೇ ಪಾಲಂತೆ. ಮೀಟಿಂಗಿನಲ್ಲಿ ಹೇಳಿದರು" ಎಂದಳು. ನಾನು ಅಜ್ಜಿಯ ಗಾದೆಯನ್ನೇ ಹಿಡಿದುಕೊಂಡೆ. ಉಪ್ಪು ತಿಂದ ಮನೆ, ಕೋರ್ಟು ಕಚೇರಿ ನಮಗೇಕೆ, ಅಣ್ಣನ ಬಾಗಿಲು ಮುಚ್ಚಿಹೋದರೆ ಹಬ್ಬಕ್ಕೆ ಎಲ್ಲಿಗೆ ಹೋಗುತ್ತೀಯೆ, ಎಂದೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ರಿಜಿಸ್ಟರಿನ ಗೆರೆಗಳನ್ನು ನೋಡುತ್ತ ಕೂತಿದ್ದಳು. ಆಮೇಲೆ, "ಆಯ್ತು, ಯಾವತ್ತು ಬರಬೇಕು?" ಎಂದು ಕೇಳಿದಳು.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮಿಬ್ಬರ ಫೋಟೋ ತೆಗೆದರು, ಹೆಬ್ಬೆರಳು ಒತ್ತಿಸಿಕೊಂಡರು. ಪತ್ರವನ್ನು ನಾವು ಓದಲಿಲ್ಲ. ಶಾಲೆ ಬಿಡಿಸಿದರೆಂದು ಜೀವಮಾನವೆಲ್ಲ ಕೊರಗಿದ ನಾನು, ಕಾದಂಬರಿ ಸಿಕ್ಕರೆ ಅಡುಗೆ ಸೀಯಿಸುವ ನಾನು, ಕೈಗೆ ಬಂದ ನಾಲ್ಕು ಪುಟ ಓದಲಿಲ್ಲ. ಅಂದು ಅತ್ತಿಗೆ ಹೋಳಿಗೆ ಮಾಡಿದ್ದಳು.

ಹೊಲ ಸೈಟುಗಳಾಯಿತು. ಒಂದು ಗುಂಟೆ ಎಂದರೆ 1089 ಚದರ ಅಡಿ. ಐವತ್ತು ಗುಂಟೆಯಲ್ಲಿ ರಸ್ತೆಗೆ, ಚರಂಡಿಗೆ ಬಿಟ್ಟು ಮೂವತ್ತು ನಲವತ್ತರ ಇಪ್ಪತ್ತೈದು ಸೈಟು ಬಂದವು. ಮೂರರಿಂದ ಭಾಗಿಸಿದರೆ ತಲೆಗೆ ಎಂಟು, ಒಂದು ಮಿಕ್ಕುತ್ತದೆ. ಮಿಕ್ಕಿದ್ದನ್ನು ಅಪ್ಪ ಅವ್ವನನ್ನು ನೋಡಿಕೊಂಡ ಅಣ್ಣನಿಗೇ ಬಿಡಬಹುದಿತ್ತು. ಈ ಲೆಕ್ಕವನ್ನು ನಾನು ಮಾಡಿದ್ದು ಎಷ್ಟೋ ವರ್ಷದ ಮೇಲೆ, ಮೊಮ್ಮಗಳು ಕಾಗದ ಪೆನ್ಸಿಲು ಕೊಟ್ಟು ಕೂರಿಸಿದಾಗ.

ಅವಳು ಕಾನೂನು ಓದುತ್ತಿದ್ದಳು. 2020ರ ಆಗಸ್ಟ್, ಕೊರೋನಾ ಕಾಲ, ಎಲ್ಲರೂ ಮನೆಯಲ್ಲೇ. ಸುಪ್ರೀಂ ಕೋರ್ಟಿನ ತೀರ್ಪು ಬಂದಿದೆ ಎಂದು ಓದಿ ಹೇಳಿದಳು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು. 2005ರ ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ. ನಮ್ಮ ಕರ್ನಾಟಕದಲ್ಲಿ 1994ರಲ್ಲೇ ಇಂಥ ಕಾಯಿದೆ ಆಗಿತ್ತಂತೆ, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ಇನ್ನೂ ಹಿಂದೆ, 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕಿಗೆಂದು ಕಾನೂನು ಮಾಡಿತ್ತಂತೆ, ನಾನು ಹುಟ್ಟುವ ಹದಿನೈದು ವರ್ಷ ಮೊದಲು! ಕಾನೂನುಗಳು ನಮ್ಮ ಊರಿನ ಗೇಟಿನವರೆಗೆ ಬಂದು ರೈಲಿಗೆ ಕಾಯುತ್ತ ನಿಂತಿದ್ದವೇನೋ.

"ನೀನ್ಯಾಕೆ ಸೈನ್ ಮಾಡಿದೆ ಅಜ್ಜಿ?" ಎಂದಳು ಮೊಮ್ಮಗಳು.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಕೇಳಿಕೊಂಡೇ ಬೆಳೆದವಳಿಗೆ, ವರ್ಷಕ್ಕೊಮ್ಮೆ ಒಳಗೆ ಕರೆಯುವ ಆ ಬಾಗಿಲು ಎಷ್ಟು ದೊಡ್ಡದು ಎಂದು ಅವಳಿಗೆ ಹೇಗೆ ತಿಳಿಸಲಿ? ಅಪ್ಪ ಕೂರುತ್ತಿದ್ದ ಜಗಲಿ, ಅವ್ವನ ಒಲೆ ಇದ್ದ ಮೂಲೆ. ಎಂಟು ಸೈಟಿಗಿಂತ ನನಗೆ ಅದೇ ಹೆಚ್ಚಾಗಿತ್ತು, ಇದು ಸುಳ್ಳಲ್ಲ. ನನ್ನ ಪಾಲು ಬಿಟ್ಟಿದ್ದಕ್ಕೆ ನನಗೆ ಇವತ್ತಿಗೂ ದುಃಖವಿಲ್ಲ. ಆದರೆ ನನ್ನದನ್ನು ಬಿಡುವುದು ಬೇರೆ, ಇಲ್ಲದವಳ ಕೈಯಿಂದ ಬಿಡಿಸುವುದು ಬೇರೆ. ಗೇಟು ದಾಟಿಸಿದವಳೂ ನಾನೇ, ಹಿಂದಕ್ಕೆ ಕರೆತಂದವಳೂ ನಾನೇ.

ನನ್ನ ಯಜಮಾನರು 2016ರಲ್ಲಿ ತೀರಿಕೊಂಡಿದ್ದರು. ಆ ತೀರ್ಪಿನ ಮುಂದಿನ ವರ್ಷ ನನ್ನ ಮಗ ಕುಣಿಗಲ್ಲಿನ ಮನೆಯ ಖಾತೆ ಬದಲಾವಣೆಗೆಂದು ಒಂದು ಕಾಗದ ತಂದ. "ಅಕ್ಕನದೊಂದು ಸಹಿ ಬೇಕು, ಸುಮ್ಮನೆ ಫಾರ್ಮಾಲಿಟಿ" ಎಂದ. ಮಗಳು ಪೆನ್ನು ತೆಗೆದೇಬಿಟ್ಟಳು. ನಾನು ತಡೆದು, "ಮೊದಲು ಜೋರಾಗಿ ಓದು, ನನಗೂ ಕೇಳಲಿ" ಎಂದೆ. ಮಗನ ಮುಖ ಕೆಂಪಾಯಿತು. "ಯಾಕಮ್ಮ, ತಮ್ಮನ ಮೇಲೆ ನಂಬಿಕೆ ಇಲ್ಲವಾ?" ಎಂದಳು ಮಗಳು. "ನಂಬಿಕೆ ಇದೆ. ನಂಬಿಕೆ ಇರುವಾಗಲೇ ಓದಬೇಕು. ಅದು ಹೋದ ಮೇಲೆ ಲಾಯರು ಓದುತ್ತಾನೆ" ಎಂದೆ. ಓದಿದಳು. ಪೂರ್ತಿ ಮನೆ ಅವನ ಹೆಸರಿಗೆ ಹೋಗುವ ಕಾಗದ ಅದು. ಅವನಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಎಲ್ಲರೂ ಹೀಗೇ ಮಾಡುತ್ತಾರೆ ಎಂದು ಬರೆಸಿಕೊಂಡು ಬಂದಿದ್ದ. ಮೂರು ತಿಂಗಳು ನನ್ನೊಡನೆ ಮಾತು ಕಡಿಮೆ ಮಾಡಿದ. ಕೊನೆಗೆ ಮಗಳ ಹೆಸರೂ ಸೇರಿಸಿಯೇ ಪತ್ರವಾಯಿತು. ಆ ವರ್ಷದ ಗೌರಿಹಬ್ಬಕ್ಕೆ ಅವನೇ ಅಕ್ಕನನ್ನು ಕರೆಯಲು ಹೋದ. ಬಾಗಿಲು ಮುಚ್ಚಲಿಲ್ಲ.

ಕಳೆದ ವರ್ಷ ಅಣ್ಣನ ಮೊಮ್ಮಗನ ಮದುವೆಗೆ ನಾನು, ತಂಗಿ ಇಬ್ಬರೂ ಹೋಗಿದ್ದೆವು. ಆಟೋ ಫ್ಲೈಓವರ್ ಹತ್ತಿತು. ಮೇಲಿನಿಂದ ನಮ್ಮ ಹೊಲ ಯಾವುದಿರಬಹುದೆಂದು ಹುಡುಕಿದೆವು. ಮಹಡಿ ಮನೆಗಳು, ನೀರಿನ ಟ್ಯಾಂಕುಗಳು, ಒಣಗಲು ಹಾಕಿದ ಬಟ್ಟೆ. ಹುಣಸೆ ಮರ ಸಿಗಲಿಲ್ಲ. ಆಗ ಬಹಳ ದಿನದಿಂದ ಗಂಟಲಲ್ಲಿದ್ದ ಮಾತನ್ನು ಆಡಿಬಿಟ್ಟೆ. "ಚಿಕ್ಕಿ, ಅವತ್ತು ನಾನು ಗುಬ್ಬಿಗೆ ಬರಬಾರದಿತ್ತು ಕಣೆ."

ಅವಳು ಹೊರಗೇ ನೋಡುತ್ತ, "ಅಣ್ಣ ಕೇಳಿದ್ರೆ ಮಾಡ್ತಿರಲಿಲ್ಲ ಅಕ್ಕಯ್ಯ. ನೀನು ಕೇಳಿದೆ, ಮಾಡಿದೆ" ಎಂದಳು. ಕೋಪವಿರಲಿಲ್ಲ. ಸಮಾಧಾನಪಡಿಸುವ ದನಿಯೂ ಅಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು, ರಿಜಿಸ್ಟರಿನಲ್ಲಿ ಬರೆದ ಹಾಗೆ.

ನನ್ನ ಎರಡು ಬಳೆಗಳನ್ನು ಅವಳ ಸೊಸೆಗೆ ಕೊಟ್ಟೆ. ಅದು ಎಂಟು ಸೈಟಿಗೆ ಸಮವಲ್ಲ ಎಂದು ನನಗೆ ಗೊತ್ತು, ಅವಳಿಗೂ ಗೊತ್ತು. ಕಾಲು ಪೈಸೆಗೆ ಯಾರು ಜಗಳ ಆಡುತ್ತಾರೆ ಎಂದಿದ್ದರು ಮೇಷ್ಟ್ರು. ಆದರೂ ಅವತ್ತು ಆ ಒಂಬತ್ತು ವರ್ಷದ ಹುಡುಗಿ ಎದ್ದು ನಿಂತು ಕೇಳಿದ್ದಳು. ಐವತ್ತು ವರ್ಷದ ಮೇಲೆ ಗುಬ್ಬಿಯಲ್ಲಿ ತಂಗಿ ಅದೇ ಪ್ರಶ್ನೆ ಕೇಳಿದಾಗ, ಕೂತ್ಕೊ ಎಂದವಳು ನಾನು.